ಪುಷ್ಪಮ್ಮನ ಸಮುದ್ರ

ಭದ್ರಾವತಿಯ ಕಾರ್ಖಾನೆ ಲೈನಿನಲ್ಲಿ ಮಧ್ಯಾಹ್ನದ ಚೌಕಾಬಾರ ಎಂದರೆ ಅದು ವೀರಮ್ಮನ ಜಗಲಿ. ೧೯೩೪ರವರೆಗೆ ಹಾಗೇ ನಡೆದುಕೊಂಡು ಬಂದಿತ್ತು. ಊಟ ಮುಗಿಸಿದ ಗಂಡಸರು ಸೈರನ್ ಕೂಗಿದೊಡನೆ ಕೆಲಸಕ್ಕೆ ಹೊರಟರೆ, ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳ ಜಗಲಿ ಏರುವರು. ಕಲ್ಲಿನ ಮೇಲೆ ಆಟದ ಮನೆಗಳನ್ನು ಉಳಿ ಹಿಡಿದು ಕೆತ್ತಿಕೊಟ್ಟವನು ಅವಳ ಗಂಡ, ಪೈಪ್ ಫಿಟ್ಟರ್ ಗಂಗಾಧರಪ್ಪ. ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡಿದ ಹುಣಸೆಬೀಜಗಳು ಅವಳವು. ಯಾರ ಕಾಯಿ ಸತ್ತಿತು, ಯಾರದು ಹಣ್ಣಾಯಿತು, ಯಾರು ಸೆರಗಿನ ಮರೆಯಲ್ಲಿ ಬೀಜ ಮಗುಚಿದರು, ಇದಕ್ಕೆಲ್ಲ ತೀರ್ಪು ಕೂಡ ಅವಳದೇ.

ಹೀಗಿರುವಾಗ ಪುಷ್ಪಮ್ಮ ಮದ್ರಾಸಿಗೆ ಹೋಗಿ ಬಂದಳು.

ಪುಷ್ಪಮ್ಮ ಎದುರು ಮನೆಯವಳು, ಹಾಜರಿ ಗುಮಾಸ್ತ ಕೃಷ್ಣಪ್ಪನ ಹೆಂಡತಿ. ಮದ್ರಾಸಿನಲ್ಲಿದ್ದ ಅಕ್ಕನ ಮನೆಯಲ್ಲಿ ಹದಿನಾರು ದಿನ ಇದ್ದು, ಬರುವಾಗ ಒಂದು ಚೀಲ ಕವಡೆ ತಂದಳು. ಬೆಳ್ಳಗೆ ಹೊಳೆಯುವ ಸಮುದ್ರದ ಕವಡೆ. ಕೈಯಲ್ಲಿ ಕುಲುಕಿ ಬಿಟ್ಟರೆ ಕಲ್ಲಿನ ಮೇಲೆ ಕಣಕಣ ಎನ್ನುವಂಥವು. ಅವಳ ಜಗಲಿಯಲ್ಲಿ ಕೆತ್ತಿದ ಮನೆಗಳೂ ಇರಲಿಲ್ಲ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಷ್ಟೇ ಸಾಕಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ಇಡೀ ಲೈನು ರಸ್ತೆಯ ಆಚೆ ಕಡೆ ಕೂತಿತ್ತು.

ವೀರಮ್ಮನೂ ಹೋದಳು. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚೇ ಆಗಿತ್ತು, ಆದರೆ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಹೆಂಗಸು ಅವಳಲ್ಲ.

ಆಟಕ್ಕಿಂತ ಕಷ್ಟ ಕತೆಯದು. "ಸಂಜೆ ಹೊತ್ತು ನೋಡ್ಬೇಕು," ಎಂದು ಪುಷ್ಪಮ್ಮ ಕವಡೆ ಕುಲುಕುತ್ತ ಶುರುಮಾಡುವಳು. "ಮರಳಲ್ಲಿ ಕಾಲು ಚಾಚ್ಕೊಂಡು ಕೂತಿರ್ತೀವಿ. ಸೂರ್ಯ ಕೆಂಪಗಾಗಿ, ಕಾದ ಕಬ್ಬಿಣ ನೀರಿಗೆ ಅದ್ದಿದ ಹಾಗೆ ಸಮುದ್ರಕ್ಕೆ ಇಳೀತಾನೆ. ಚುಂಯ್ ಅನ್ನೋದೊಂದು ಬಾಕಿ."

"ನೀರು ಕಾಯಲ್ವೇನೇ?" ಎಂದು ಕೇಳಿದವಳು ಲೈನಿನ ಹಿರಿಯಳು, ಸಣ್ಣಮ್ಮ.

"ದಂಡೇಲಿ ಉಗುರುಬೆಚ್ಚಗೆ ಆಗುತ್ತೆ ಸಣ್ಣಮ್ಮ."

"ಪುಣ್ಯ ಮಾಡಿದೀಯ ಮಾರಾಯ್ತಿ."

ಆ ಪುಣ್ಯದ ಮಾತು ಕೇಳಿದ ದಿನ ವೀರಮ್ಮನ ಮನೆಯ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ. ಒಂದು ಚೊಂಬನ್ನೇ ಮೂರು ಸಲ ಹುಣಸೆಹಣ್ಣು ಹಾಕಿ ತಿಕ್ಕಿದಳು.

ಸಮುದ್ರದ ಆಸೆ ಮೊದಲು ಹುಟ್ಟಿದ್ದು ಅವಳಿಗೆ. ಶಿವಮೊಗ್ಗದಲ್ಲಿ ಹುಟ್ಟಿದವಳು. ಲಂಗ ಎತ್ತಿ ಕಟ್ಟಿಕೊಂಡು ತುಂಗೆಯ ನೀರಿಗೆ ಇಳಿದಿದ್ದಾಗ, ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಅಣ್ಣ ಜಂಬಣ್ಣನನ್ನು ಕೇಳಿದ್ದಳು. ಮುಂದೆ ಭದ್ರೆಯನ್ನು ಸೇರಿಕೊಂಡು, ಆಮೇಲೆ ಕೃಷ್ಣೆಯನ್ನು ಸೇರಿಕೊಂಡು, ಮೂಡಲ ಸಮುದ್ರಕ್ಕೆ ಹೋಗುತ್ತದೆ ಎಂದು ಅವನು ಹೇಳಿದ್ದ. ಮದುವೆಯಾಗಿ ಭದ್ರಾವತಿಗೆ ಬಂದ ಮೇಲೆ ಹೊಳೆಯಲ್ಲಿ ಬಟ್ಟೆ ಒಗೆಯುವಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು. ಸೋಪಿನ ನೊರೆ ಕೂಡ ತನಗಿಂತ ಮೊದಲು ಸಮುದ್ರ ನೋಡುತ್ತದೆ ಎಂದುಕೊಳ್ಳುತ್ತಿದ್ದಳು. ಈಗ ನೊರೆಯ ಹಿಂದೆ ಪುಷ್ಪಮ್ಮನೂ ಸೇರಿಕೊಂಡಳು.

ಒಂದು ಸೋಮವಾರ ಗಂಗಾಧರಪ್ಪ ಮನೆಗೆ ಬಂದವನೇ ಅಂಗಿ ಬಿಚ್ಚುವ ಮೊದಲೇ ಹೇಳಿದ: "ಎರಡು ಕಡೆ ಪೈಪು ಹೋಗ್ತಿದೆ. ಮದ್ರಾಸಿಗೊಂದು ಲೋಡು, ಊಟಿಗೊಂದು. ಜೋಡಿಸೋಕೆ ಇಲ್ಲಿಂದ ಫಿಟ್ಟರ್ ಹೋಗ್ಬೇಕು. ನಿಂಗೆಲ್ಲಿಗೆ ಬೇಕು ಅಂತ ಶನಿವಾರದೊಳಗೆ ಹೇಳು ಅಂದಿದಾರೆ. ಹೆಂಡ್ತೀನ ಕರ್ಕೊಂಡು ಹೋಗ್ಬಹುದಂತೆ."

"ಆಮೇಲೆ ಇನ್ನೊಂದಕ್ಕೆ?"

"ಆಮೇಲೆ ಗೀಮೇಲೆ ಇಲ್ಲ. ಇಂಥದು ಜನ್ಮಕ್ಕೊಂದ್ಸಲ. ನೀನೇ ಹೇಳು, ಎಲ್ಲಿಗೆ?"

ವೀರಮ್ಮನ ನಾಲಿಗೆಯ ತುದಿಗೆ ಮದ್ರಾಸು ಬಂದಿತ್ತು. ಅಷ್ಟರಲ್ಲಿ ಎದುರು ಜಗಲಿ ಕಣ್ಣಿಗೆ ಕಟ್ಟಿತು. ತಾನು ವಾಪಸು ಬಂದು ಸಮುದ್ರದ ಸುದ್ದಿ ಎತ್ತಿದರೆ ಪುಷ್ಪಮ್ಮ ತಲೆಯನ್ನೂ ಎತ್ತದೆ, "ಓ, ಅದಾ," ಎನ್ನುತ್ತಾಳೆ. ಎರಡನೆಯವಳಾಗಿ ಹೋಗುವುದೆಂದರೆ ಅವಳ ಎಂಜಲೆಲೆಯಲ್ಲಿ ಊಟಕ್ಕೆ ಕೂತ ಹಾಗೆ. ಊಟಿಯನ್ನಾದರೆ ಇಡೀ ಲೈನಿನಲ್ಲಿ ಯಾರೂ ನೋಡಿಲ್ಲ.

"ಊಟಿ," ಎಂದಳು.

"ಸಮುದ್ರ ಸಮುದ್ರ ಅಂತಿದ್ಯಲ್ಲ?"

"ಅದನ್ನ ನೋಡ್ದೋರು ಬೇಕಾದಷ್ಟು ಜನ ಇದಾರೆ. ಊಟೀಲಿ ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಬೀಳುತ್ತಂತೆ."

ಬುಧವಾರ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಪೇಟೆಯಲ್ಲಿದ್ದ ಜಂಬಣ್ಣನ ಬಟ್ಟೆ ಅಂಗಡಿಯಲ್ಲಿ ಉಣ್ಣೆಯ ಶಾಲು ಕೇಳಿದಳು. ಅಣ್ಣ ಗಜಕೋಲು ಕೆಳಗಿಟ್ಟು ತಂಗಿಯ ಮುಖ ನೋಡಿದ.

"ಮದ್ರಾಸ್ ಬಿಟ್ಟು ಚಳಿ ಕಾಯೋಕೆ ಹೋಗ್ತೀಯೇನೇ ವೀರಿ? ಅದು ರಾಜಧಾನಿ ಕಣೇ. ಗವರ್ನರ್ ಇರೋ ಊರು. ಸಾಲದ್ದಕ್ಕೆ ಸಮುದ್ರ."

"ಬೇಸಿಗೇಲಿ ಆ ಗವರ್ನರೇ ಊಟಿಗೆ ಓಡ್ತಾನಂತಲ್ಲ. ಅವನಿಗೇ ಬೇಡದ ಸಮುದ್ರ ನಂಗ್ಯಾಕೆ?"

ಜಂಬಣ್ಣ ಗಜಕೋಲು ಮತ್ತೆ ಕೈಗೆತ್ತಿಕೊಂಡ. ಶಾಲು ಕೊಟ್ಟು ಕಳಿಸಿದ.

ಗುರುವಾರ ಎದುರು ಜಗಲಿಯಲ್ಲಿ ವೀರಮ್ಮ ತನ್ನ ಸರದಿ ಬರುವವರೆಗೂ ತಡೆದಿದ್ದು, ಕವಡೆ ಬಿಡುತ್ತ ಸುದ್ದಿ ಬಿಟ್ಟಳು. "ಮದ್ರಾಸೋ ಊಟಿಯೋ ಅಂತ ಕೇಳಿದಾರೆ. ಊಟೀನೇ ಅಂದಿದೀನಿ."

ಹೆಂಗಸರೆಲ್ಲ ಹೌದಾ ಎಂದರು. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ಪುಷ್ಪಮ್ಮನ ಮುಖ ಒಂದಿಷ್ಟು ಬಾಡಬೇಕಿತ್ತು. ಅದು ಅರಳಿತು.

"ಒಳ್ಳೇ ಕೆಲಸ ಮಾಡಿದ್ರಿ ವೀರಕ್ಕ," ಎಂದಳು ಪುಷ್ಪಮ್ಮ. "ಮದ್ರಾಸಲ್ಲಿ ಏನಿದೆ? ಸೆಕೆ, ಸೊಳ್ಳೆ. ಸಮುದ್ರ ಅಂದ್ರೂ ಅಷ್ಟೇ, ಎಷ್ಟು ಹೊತ್ತು ನೋಡ್ತೀರಿ? ಉಪ್ಪುಗಾಳಿಗೆ ಮೈಯೆಲ್ಲ ಅಂಟಂಟು. ಊಟೀಗೇ ಹೋಗಿ. ಬೇಕಾದ್ರೆ ನನ್ನ ಕಂಬಳೀನೂ ತಗೊಂಡ್ಹೋಗಿ."

ಅಂದು ಸಂಜೆಯೇ ಕಂಬಳಿ ಮಡಿಸಿ ತಂದೂ ಕೊಟ್ಟಳು. ಶುಕ್ರವಾರ ನೀರಿನ ನಲ್ಲಿಯ ಹತ್ತಿರ ಸಿಕ್ಕಿ, ಊಟಿ ಖಾತ್ರಿ ಆಯಿತಾ ಎಂದು ಎರಡು ಸಲ ಕೇಳಿದಳು.

ವೀರಮ್ಮನ ತಲೆಗೆ ಹುಳ ಬಿಟ್ಟಂತಾಯಿತು. ಮೊನ್ನೆಯವರೆಗೆ ಮೂರು ಲೋಕದಲ್ಲೇ ಇಲ್ಲದಂಥ ಸಮುದ್ರ, ಇದ್ದಕ್ಕಿದ್ದಂತೆ ಬರೀ ಸೆಕೆ ಹೇಗಾಯಿತು? ಕಂಬಳಿ ಬೇರೆ ಕೊಡುತ್ತಾಳೆ. ಕೇಳಿದರೂ ಒಂದು ಹಿಡಿ ಕರಿಬೇವು ಕೊಡದವಳು. ಅವಳಿಗೆ ಗೊತ್ತಾಗಿಹೋಯಿತು: ಸಮುದ್ರವನ್ನು ತಾನೊಬ್ಬಳೇ ಇಟ್ಟುಕೊಳ್ಳಬೇಕೆಂದು ನೋಡುತ್ತಿದ್ದಾಳೆ.

ಶನಿವಾರ ಬೆಳಿಗ್ಗೆ ಗಂಡ ಹೊಸಿಲು ದಾಟುವಾಗ ಅಡ್ಡ ನಿಂತಳು. "ರೀ, ಮದ್ರಾಸ್ ಅಂತ ಹೇಳಿ."

"ಹಿಮ?"

"ಹಿಮ ಕರಗಿಹೋಯ್ತು. ಊಟಿ ಅಂತ ಹೇಳ್ಬಿಟ್ಟಿದೀರಾ?"

"ಇನ್ನೂ ಎಲ್ಲಿ ಹೇಳಿದೀನಿ," ಎಂದ ಗಂಗಾಧರಪ್ಪ ಚಪ್ಪಲಿ ಮೆಟ್ಟುತ್ತ. "ನಿನ್ನ ನಾನು ಕಂಡಿಲ್ವಾ."

ಕಂಬಳಿಯನ್ನು ಕೂಡಲೇ ಹಿಂದಕ್ಕೆ ಕೊಟ್ಟಳು. ಪುಷ್ಪಮ್ಮ ಅದನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು. ವೀರಮ್ಮನಿಗೆ ಅದನ್ನು ನೋಡಿಯೇ ಅರ್ಧ ಪ್ರಯಾಣದ ಸುಖ ಸಿಕ್ಕಿತು.

ಮದ್ರಾಸಿನಲ್ಲಿ ಗಂಗಾಧರಪ್ಪನಿಗೆ ದಿನವಿಡೀ ಕೆಲಸ. ಮೊದಲ ಭಾನುವಾರ ಸಂಜೆ ಹೆಂಡತಿಯನ್ನು ಮರಳದಂಡೆಗೆ ಕರೆದುಕೊಂಡು ಹೋದ. ಸಮುದ್ರ ಕಂಡದ್ದೇ ವೀರಮ್ಮನಿಗೆ ಪುಷ್ಪಮ್ಮ ಮರೆತುಹೋದಳು. ಸೀರೆ ಎತ್ತಿ ಹಿಡಿದು ನೀರಿಗೆ ಇಳಿದಳು. ಬೊಗಸೆಯಲ್ಲಿ ತುಂಬಿ ಬಾಯಿಗೆ ಹಾಕಿಕೊಂಡು ಉಗಿದಳು.

"ನಮ್ಮ ಹೊಳೆ ನೀರನ್ನ ತಂದು ಏನು ಮಾಡಿಟ್ಟಿದೆ ನೋಡಿ," ಎಂದಳು.

ಆಮೇಲೆ ಕಾಲು ಚಾಚಿ ಮರಳಲ್ಲಿ ಕೂತಳು. ಸೂರ್ಯ ಇಳಿಯುವುದನ್ನು ನೋಡಿಕೊಂಡೇ ಏಳಬೇಕೆಂದಿದ್ದಳು. ಕಾದಳು. ನೀರು ಬೂದಿ ಬಣ್ಣಕ್ಕೆ ತಿರುಗಿತು, ಆದರೂ ಎದುರಿಗೆ ಸೂರ್ಯನ ಸುಳಿವಿಲ್ಲ.

"ರೀ, ಇವತ್ತು ಮೋಡವಾ?"

"ಮೋಡ ಎಲ್ಲಿದೆ?"

"ಮತ್ತೆ ಸೂರ್ಯ ಎಲ್ಲಿ?"

ಗಂಗಾಧರಪ್ಪ ಬೆನ್ನ ಹಿಂದೆ ಹೆಬ್ಬೆರಳು ತೋರಿಸಿದ. ತಿರುಗಿ ನೋಡಿದರೆ, ದೊಡ್ಡ ದೊಡ್ಡ ಕಟ್ಟಡಗಳ ಹಿಂದೆ, ಊರಿನ ಹೊಗೆಯೊಳಗೆ ಸೂರ್ಯ ಆಗಲೇ ಮುಕ್ಕಾಲು ಮುಳುಗಿದ್ದ.

"ಇದು ಮೂಡಲ ಸಮುದ್ರ ಕಣೇ. ಇಲ್ಲಿ ಹುಟ್ಟೋದಷ್ಟೇ. ಮುಳುಗೋದು ಪಡುವಲಲ್ಲಿ ತಾನೆ?"

ವೀರಮ್ಮ ಎದುರಿನ ನೀರನ್ನೂ ಹಿಂದಿನ ಸೂರ್ಯನನ್ನೂ ತಿರುತಿರುಗಿ ನೋಡಿದಳು. ಅಣ್ಣ ಚಿಕ್ಕಂದಿನಲ್ಲೇ ಹೇಳಿದ್ದ ಮಾತು. ತನಗೂ ಹೊಳೆದಿರಲಿಲ್ಲ, ಇಡೀ ಲೈನಿಗೂ ಹೊಳೆದಿರಲಿಲ್ಲ. ಆಮೇಲೆ ನಿಧಾನವಾಗಿ ನಗು ಬಂತು. ಪುಷ್ಪಮ್ಮ ಈ ಮರಳಿಗೆ ಕಾಲೇ ಇಟ್ಟಿಲ್ಲ.

ವಾಪಸು ಬರುವಾಗ ಬೀರೂರಿನಲ್ಲಿ ರೈಲು ಬದಲಾಯಿಸುವವರೆಗೂ ಆ ಮಾತನ್ನು ಯಾರೆದುರು, ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು.

ಮರುದಿನ ಎದುರು ಜಗಲಿಯಲ್ಲಿ ಎಲ್ಲರೂ ಸೇರಿದ್ದರು. ಸಣ್ಣಮ್ಮನೇ ಕೇಳಿದಳು. "ಹೆಂಗಿತ್ತೇ ವೀರಿ? ಸೂರ್ಯ ಮುಳುಗೋದು ನೋಡಿದ್ಯಾ? ಪುಷ್ಪಿ ಹೇಳೋ ಹಂಗೇ ಇದೆಯಾ?"

ಪುಷ್ಪಮ್ಮನ ಮುಷ್ಟಿಯಲ್ಲಿ ಕವಡೆಗಳ ಸದ್ದು ನಿಂತಿತು. ಅವಳು ತಲೆ ಎತ್ತಲಿಲ್ಲ.

ವೀರಮ್ಮ ಅವಳನ್ನು ಚೆನ್ನಾಗಿ ಒಂದು ಗಳಿಗೆ ನೋಡಿದಳು. "ಹಾಗೇ ಇದೆ," ಎಂದಳು.

ಹೆಂಗಸರು ಎದ್ದು ಹೋದ ಮೇಲೆ ಇಬ್ಬರೇ ಉಳಿದರು. ಪುಷ್ಪಮ್ಮ ಸೀಮೆಸುಣ್ಣದ ಗೆರೆಯನ್ನು ಬೆರಳಲ್ಲಿ ಒರೆಸುತ್ತ ಹೇಳಿದಳು. "ಅಕ್ಕನ ಬಾಣಂತನಕ್ಕೆ ಹೋಗಿದ್ದೆ ವೀರಕ್ಕ. ಹದಿನಾರು ದಿನ ಒಲೆ ಮುಂದೆ. ಭಾವ ನಾಳೆ ತೋರಿಸ್ತೀನಿ, ನಾಳೆ ತೋರಿಸ್ತೀನಿ ಅಂತಲೇ ರೈಲು ಹತ್ತಿಸಿದ್ರು. ಕವಡೆ ಸ್ಟೇಷನ್ ಹತ್ರ ತಗೊಂಡಿದ್ದು."

"ಸೂರ್ಯ ಅಲ್ಲಿ ಹುಟ್ಟೋದು ಕಣೇ, ಮುಳುಗೋದಲ್ಲ," ಎಂದಳು ವೀರಮ್ಮ. "ಇರಲಿ. ನಾಳೆಯಿಂದ ಆಟ ನಮ್ಮ ಜಗಲೀಲಿ. ಕವಡೆ ನೀನೇ ತಗೊಂಡು ಬಾ."

ಮರುದಿನ ಸೈರನ್ ಕೂಗುವ ಮೊದಲೇ ಪುಷ್ಪಮ್ಮ ಚೀಲ ಹಿಡಿದು ಬಂದು, ಕೆತ್ತಿದ ಕಲ್ಲನ್ನು ಸೆರಗಿನಿಂದ ಒರೆಸಿ ಕೂತಳು. ಲೈನಿನ ಹೆಂಗಸರೆಲ್ಲ ಬಂದರು. ವೀರಮ್ಮ ಹಳೆಯ ಜಾಗದಲ್ಲಿ ಗೋಡೆಗೊರಗಿ ಕೂತು ಸಮುದ್ರದ ಕತೆ ಶುರುಮಾಡಿದಳು. ನೀರು ಉಪ್ಪು ಎಂದಳು, ಅಲೆ ಇಷ್ಟೆತ್ತರ ಎಂದಳು. ಎಲ್ಲರೂ ಹೂಂ ಹೂಂ ಎಂದರು. ಸ್ವಲ್ಪ ಹೊತ್ತಾದ ಮೇಲೆ ಸಣ್ಣಮ್ಮ ಆಕಳಿಸಿ ಪುಷ್ಪಮ್ಮನ ಕಡೆ ತಿರುಗಿದಳು.

"ನೀನು ಹೇಳೇ ಮಾರಾಯ್ತಿ. ಆ ಸೂರ್ಯಂದು."

ಪುಷ್ಪಮ್ಮ ವೀರಮ್ಮನ ಮುಖ ನೋಡಿದಳು. ವೀರಮ್ಮ ಹೇಳು ಎಂಬಂತೆ ಗದ್ದ ಆಡಿಸಿದಳು. ಸೂರ್ಯ ಮತ್ತೆ ಕೆಂಪಗಾದ, ಕಾದ ಕಬ್ಬಿಣದಂತೆ ನೀರಿಗೆ ಇಳಿದ, ದಂಡೆ ಉಗುರುಬೆಚ್ಚಗಾಯಿತು. ಯಾರೂ ಕಾಯಿ ನಡೆಸದೆ ಬಾಯಿಬಿಟ್ಟು ಕೇಳುತ್ತಿದ್ದರು. ಸ್ವಂತ ಜಗಲಿಯಲ್ಲಿ ಕೂತು ಕೇಳುತ್ತಿದ್ದ ವೀರಮ್ಮನಿಗೆ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ತಾನು ಅಷ್ಟು ದೂರ ಹೋಗಿ ಕಂಡ ಸಮುದ್ರದಲ್ಲಿ ಸೂರ್ಯ ಒಂದು ದಿನವೂ ಮುಳುಗಿರಲಿಲ್ಲ. ಇವಳದರಲ್ಲಿ ದಿನಾ ಮುಳುಗುತ್ತಾನೆ.

"ಸಾಕು, ಆಟ ಆಡ್ರೇ," ಎಂದು ಕವಡೆ ಕಿತ್ತುಕೊಂಡಳು.