ಪುಣೆಯಿಂದ ಬರುತ್ತಿದ್ದ ರಬ್ಬರ್ ರಿಂಗು

ಇಂದುಶೇಖರ ಅವರಿಗೆ ಗೊತ್ತಿಲ್ಲದ ನಟ್ಟು ಬೋಲ್ಟು ಆ ಪಂಪು ಕಾರ್ಖಾನೆಯಲ್ಲಿ ಒಂದೂ ಇಲ್ಲ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ಅವರೂ ಹಾಗೆಯೇ ನಂಬಿದ್ದರು. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ, ದೆಹಲಿಯ ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿದ್ದ ಭಾವನ ಕ್ವಾರ್ಟರ್ಸಿಗೆ ಬಂದಿಳಿದಾಗ, ಎರಡು ತಿಂಗಳು ನೋಡಿ ವಾಪಸ್ ಹೋಗುತ್ತೇನೆ ಅಂದಿದ್ದರಂತೆ. ಆ ಎರಡು ತಿಂಗಳು ಮೂವತ್ತು ವರ್ಷ ದಾಟಿತ್ತು. ಫರೀದಾಬಾದಿನ ಕಾರ್ಖಾನೆಯಲ್ಲಿ ಸ್ಟೋರಿನಿಂದ ಶುರುಮಾಡಿ ಖರೀದಿ ವಿಭಾಗದ ಮುಖ್ಯಸ್ಥರಾದರು. ಮಯೂರ್ ವಿಹಾರದ ಸೊಸೈಟಿಯಲ್ಲಿ ಫ್ಲಾಟು ಕೊಂಡರು. ಬೆಳಿಗ್ಗೆ ಏಳೂವರೆಗೆ ಮೆಟ್ರೋ ಹತ್ತಿ, ಲಾಜಪತ್ ನಗರದಲ್ಲಿ ಬದಲಿಸಿ, ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮೇಜಿನ ಮುಂದೆ ಕೂತಿರುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಪದ್ಮಾ, ‘ಗಡಿಯಾರಕ್ಕೆ ಸೆಲ್ ಹಾಕೋದೇ ಬೇಡ, ಇವರು ಹೊರಟರೆ ಸಾಕು’ ಎಂದು ನಗುತ್ತಿದ್ದರು.

ಒಂದು ವರ್ಷ ಏಪ್ರಿಲಿನಲ್ಲಿ ಮಾಲೀಕ ಸಬರವಾಲ್ ಇಂದುಶೇಖರರನ್ನು ಕರೆದು ಒಂದೇ ಮಾತು ಹೇಳಿದರು. “ಶೇಖರ್‌ಜಿ, ಸಾಮಾನು ತರಿಸೋ ಖರ್ಚು ನೂರಕ್ಕೆ ಎಂಟರಷ್ಟು ಇಳೀಬೇಕು. ಲಾರಿ, ಗೋಡೌನು, ಪ್ಯಾಕಿಂಗು, ಎಲ್ಲಿಂದ ಇಳಿಸ್ತೀರೋ ನಿಮಗೆ ಬಿಟ್ಟದ್ದು. ಸಹಾಯಕ್ಕೆ ಒಬ್ಬ ಹುಡುಗೀನ ತಗೊಂಡಿದ್ದೇನೆ. ನಿಮ್ಮ ಕಡೆಯವಳೇ.”

ಹಾಗೆ ಬಂದವಳು ಗಾನವಿ, ಹಾಸನದವಳು. ಎಂಬಿಎ ಮುಗಿಸಿ ಗುರುಗ್ರಾಮದಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ಈಗ ಕಾರ್ಖಾನೆಗೆ ಹತ್ತಿರದ ಸೆಕ್ಟರಿನಲ್ಲಿ ಪಿಜಿಯಲ್ಲಿದ್ದಳು. ಹಿಂದಿ ಮಾತಾಡಲು ಕಲಿತಿದ್ದಳಾದರೂ ಓದುವುದು ಇನ್ನೂ ಸರಾಗವಾಗಿರಲಿಲ್ಲ. ಕಣ್ಣಿಗೆ ಬಿದ್ದ ಅಂಗಡಿ ಬೋರ್ಡು, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವ ಅಭ್ಯಾಸ ಇಟ್ಟುಕೊಂಡಿದ್ದಳು. ಇಂದುಶೇಖರರಿಗೆ ಅದು ಕಿರಿಕಿರಿ. ಎಷ್ಟು ಸಾಮಾನು ಎಷ್ಟು ದೂರದಿಂದ ಬರುತ್ತದೆ ಎಂದು ಅವಳು ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದಾಗಲೂ, ಇದನ್ನೆಲ್ಲ ನಾನು ನಿದ್ದೆಗಣ್ಣಲ್ಲಿ ಹೇಳಬಲ್ಲೆ ಅಂದುಕೊಂಡರು.

ಮೇ ತಿಂಗಳ ಒಂದು ಮಧ್ಯಾಹ್ನ ಸ್ಟೋರಿನಲ್ಲಿ ಪುಣೆಯಿಂದ ಬಂದ ರಬ್ಬರ್ ರಿಂಗಿನ ಡಬ್ಬ ಒಡೆಯುತ್ತಿದ್ದರು. ಪಂಪಿನಿಂದ ನೀರು ಸೋರದಂತೆ ತಡೆಯುವ ಕರೀ ರಿಂಗು, ಅಂಗೈಯಗಲದ್ದು. ಹನ್ನೆರಡು ವರ್ಷದಿಂದ ಪುಣೆಯ ಒಬ್ಬ ವ್ಯಾಪಾರಿಯಿಂದಲೇ ತರಿಸುತ್ತಿದ್ದರು. ರಿಂಗುಗಳ ಮಧ್ಯೆ ತುರುಕಿದ್ದ ಹಳೇ ಪೇಪರಿನ ಉಂಡೆಯನ್ನು ಗಾನವಿ ಬಿಡಿಸಿ, ಎಂದಿನಂತೆ ತಡವರಿಸುತ್ತ ಓದತೊಡಗಿದಳು. ಅರ್ಧಕ್ಕೆ ನಿಲ್ಲಿಸಿದಳು.

“ಸರ್, ಇದು ಪುಣೆಯಿಂದ ಬಂದದ್ದು ತಾನೆ?”

“ಇನ್ನೆಲ್ಲಿಂದ?”

“ಮತ್ತೆ ಇದರಲ್ಲಿ ನಮ್ಮ ಪಿಜಿ ಇರೋ ಸೆಕ್ಟರಿನ ಸುದ್ದಿ ಯಾಕಿದೆ? ಮೂರು ದಿನ ನೀರು ಬರಲ್ಲ ಅಂತ ಬರೆದಿದ್ದಾರೆ. ಹೋದ ತಿಂಗಳು ನಿಜವಾಗಲೂ ಬಂದಿರಲಿಲ್ಲ ಸರ್, ನಾನು ಬಾಟಲಿ ನೀರಲ್ಲಿ ಮುಖ ತೊಳೆದಿದ್ದೆ.”

ಇಂದುಶೇಖರ ಕನ್ನಡಕ ಸರಿಮಾಡಿಕೊಂಡು ಆ ಹಾಳೆ ಇಸಿದುಕೊಂಡರು. ಫರೀದಾಬಾದಿನ ಸ್ಥಳೀಯ ಪುಟ. ಮತ್ತೊಂದು ಉಂಡೆ ಬಿಡಿಸಿದರು. ಅದೂ ಅದೇ. ಆರನೆಯದೂ ಅದೇ. ಹನ್ನೆರಡು ವರ್ಷ ಇಂಥ ಸಾವಿರಾರು ಉಂಡೆ ಅವರ ಕಣ್ಣೆದುರೇ ಕಸದ ಬುಟ್ಟಿಗೆ ಹೋಗಿದ್ದವು. ಹಿಂದಿ ಸರಿಯಾಗಿ ಓದಲು ಬಾರದ ಹುಡುಗಿ ಓದಿದಳು. ಓದಲು ಬರುತ್ತಿದ್ದ ತಾವು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ಕಾರ್ಖಾನೆಯ ಗೇಟಿನಾಚೆ ಅಚ್ಚು ಕೊರೆಯುವ ಮುದುಕನ ಅಂಗಡಿಯಿತ್ತು. ರಿಂಗು ಸುತ್ತಲೆಲ್ಲೋ ತಯಾರಾಗಿದ್ದರೆ ಅವನಿಗೆ ತಿಳಿದೀತೆಂದು ಇಬ್ಬರೂ ಅಲ್ಲಿಗೆ ಹೋಗಿ ತೋರಿಸಿದರು. ಅವನು ಅದರ ಒಳಬದಿಯ ಸಣ್ಣ ನಕ್ಷತ್ರದ ಗುರುತನ್ನು ಉಗುರಿನಿಂದ ಸವರಿ ನೋಡಿದ.

“ಇದು ನಾನೇ ಕೊರೆದ ಅಚ್ಚು ಸಾಬ್. ಬಿಮಲೇಶ್ ಬೆಹನ್‌ಜಿಯದ್ದು. ಆ ಲಾರಿ ತೂಗುವ ಕಟ್ಟೆ ದಾಟಿ ಬಲಕ್ಕೆ ತಿರುಗಿದರೆ ಮೂರನೇ ಶೆಡ್ಡು.”

ನಡೆದು ಹೋಗಲು ಒಂಬತ್ತು ನಿಮಿಷ ಹಿಡಿಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು ಇಂದುಶೇಖರ ಒಮ್ಮೆ ಹಿಂತಿರುಗಿ ನೋಡಿದರು. ಮನೆಗಳ ತಲೆಯ ಮೇಲೆ ತಮ್ಮದೇ ಕಾರ್ಖಾನೆಯ ನೀರಿನ ಟ್ಯಾಂಕು, ಅದರ ಮೇಲೆ ಕಂಪನಿಯ ಹೆಸರು, ಸ್ಪಷ್ಟವಾಗಿ ಕಾಣುತ್ತಿತ್ತು. ಅವರಿಗೆ ಗರ ಬಡಿದಂತಾಯಿತು. ಇಲ್ಲಿ ತಯಾರಾದ ರಿಂಗು ಲಾರಿ ಹತ್ತಿ ಪುಣೆಗೆ ಹೋಗಿ, ಪೇಪರಿನ ಉಂಡೆ ಸಮೇತ ಬೇರೆ ಡಬ್ಬ ಸೇರಿ, ಮತ್ತೆ ಲಾರಿ ಹತ್ತಿ ಈ ಟ್ಯಾಂಕಿನ ಕೆಳಗೆ ಬಂದಿಳಿಯುತ್ತಿತ್ತು. ಹೆಚ್ಚುಕಮ್ಮಿ ಮೂರು ಸಾವಿರ ಕಿಲೋಮೀಟರು!

ಒಳಗೆ ಸುಟ್ಟ ರಬ್ಬರಿನ ವಾಸನೆ. ಏಳೆಂಟು ಹೆಂಗಸರು ಕೂತು ರಿಂಗಿನ ಅಂಚಿನ ಹೆಚ್ಚುವರಿ ರಬ್ಬರನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ರಬ್ಬರನ್ನು ಅಚ್ಚಿಗೆ ಒತ್ತುವ ಪ್ರೆಸ್ಸಿನ ಹತ್ತಿರ ನಿಂತಿದ್ದ ಐವತ್ತರ ಹೆಂಗಸು, ಮೊಣಕೈವರೆಗೂ ಬಿಳೀ ಪುಡಿ ಮೆತ್ತಿಕೊಂಡವಳು, ತಿರುಗಿ ನೋಡಿದಳು. ಆಕೆಯೇ ಬಿಮಲೇಶ್. ಪರಿಚಯ ಹೇಳಲು ಇಂದುಶೇಖರ ಬಾಯಿ ತೆರೆಯುವಷ್ಟರಲ್ಲಿ ಆಕೆ, “ಬನ್ನಿ ಶೇಖರ್ ಸಾಬ್” ಅಂದಳು.

“ನನ್ನ ಹೆಸರು ನಿಮಗೆ ಹೇಗೆ ಗೊತ್ತು?”

“ಮೂರು ಸಲ ನಿಮ್ಮ ಆಫೀಸಿಗೆ ಬಂದಿದ್ದೆನಲ್ಲ. ಹನ್ನೆರಡು ವರ್ಷ ಮೇಲಾಯಿತು. ಲುಧಿಯಾನದಿಂದ ನಿಮಗೆ ರಿಂಗು ಕಳಿಸ್ತಾ ಇದ್ದೋರು ಅಂಗಡಿ ಮುಚ್ಚಿದರು ಅಂತ ಕೇಳಿದೆ. ಸ್ಟೀಲ್ ಡಬ್ಬದಲ್ಲಿ ಸ್ಯಾಂಪಲ್ ಹಾಕ್ಕೊಂಡು ಬಂದೆ. ಎರಡು ಸಲ ಹೊರಗೆ ಕೂತು ಎದ್ದುಬಂದೆ. ಮೂರನೇ ಸಲ ನೀವೇ ಸಿಕ್ಕಿದಿರಿ.”

“ನಾನೇನಂದೆ?”

ಆಕೆ ದನಿಯೇರಿಸಲಿಲ್ಲ. ನಿನ್ನೆ ಮೊನ್ನೆಯ ಪೇಟೆ ಸಮಾಚಾರ ಹೇಳುವ ಹಾಗೆ ಹೇಳಿದಳು. “ಡಬ್ಬ ತೆಗೆಯೋಕೆ ಹೋದೆ, ಬೇಡ ಅಂದಿರಿ. ಇದೆಲ್ಲ ಹೆಂಗಸರ ಹತ್ತಿರ ಮಾತಾಡೋ ವಿಷಯ ಅಲ್ಲ, ನಿಮ್ಮ ಯಜಮಾನರನ್ನ ಕಳಿಸಿ ಅಂದಿರಿ. ಅವರು ತೀರಿಹೋಗಿ ಆಗ ಎರಡು ತಿಂಗಳಾಗಿತ್ತು. ಯಾರನ್ನ ಕಳಿಸಲಿ? ಸುಮ್ಮನೆ ಬಂದುಬಿಟ್ಟೆ.”

ಪಕ್ಕದಲ್ಲಿದ್ದ ಗಾನವಿ ನೆಲ ನೋಡುತ್ತ ನಿಂತಳು. ಇಂದುಶೇಖರ ಬಿಮಲೇಶ್ ಮುಖವನ್ನೇ ದಿಟ್ಟಿಸಿದರು, ಎಲ್ಲಾದರೂ ನೆನಪಿನ ಒಂದು ಎಳೆ ಸಿಕ್ಕೀತೆಂದು. ಸಿಗಲಿಲ್ಲ. ಒಬ್ಬ ಹೆಣ್ಣುಮಗಳಿಗೆ ಅಂಥ ಮಾತು ಆಡಿದ್ದು ಒಂದು ಆಘಾತ. ಆಡಿದ್ದು ತಮಗೆ ಲವಲೇಶವೂ ನೆನಪಿಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಆಮೇಲೆ ಮೂರು ತಿಂಗಳಲ್ಲೇ ಪುಣೆಯ ವ್ಯಾಪಾರಿಯ ಕಡೆಯವನೊಬ್ಬ ಕಡಿಮೆ ದರದ ಶೆಡ್ಡು ಹುಡುಕುತ್ತ ಫರೀದಾಬಾದಿಗೆ ಬಂದಿದ್ದನಂತೆ. ಅವನು ಹೇಳಿದ ದರಕ್ಕೆ ಆಕೆ ಒಪ್ಪಿದಳು. ಮಾಲು ಯಾರಿಗೆ ಹೋಗುತ್ತದೆಂದು ಅಳತೆ ನೋಡಿದಾಗಲೇ ಆಕೆಗೆ ಗೊತ್ತಾಗಿತ್ತು.

“ಮತ್ತೆ ಯಾಕೆ ನಮಗೆ ಹೇಳಲಿಲ್ಲ?” ಎಂದು ಗಾನವಿ ಕೇಳಿದಳು.

“ಯಾರಿಗೆ ಹೇಳಲಿ ಬೇಟಿ? ಹೋದ ಜೂನಿನಲ್ಲಿ ಒಂದು ಸಲ ತುಂಬಾ ಅರ್ಜೆಂಟು ಅಂತ ಫೋನು ಬಂತು. ಎರಡು ದಿನ ಬಿಡದೆ ಪ್ರೆಸ್ಸು ನಡೆಸಿದೆವು. ಅವತ್ತು ಪುಣೆಗೆ ಕೂಡ ಕಳಿಸಲಿಲ್ಲ. ಅವರ ಟೆಂಪೋ ಬಂದು ಇಲ್ಲೇ ದೆಹಲಿಯಂಚಿನ ಓಖ್ಲಾದ ಗೋಡೌನಿಗೆ ಒಯ್ದಿತು. ಅಲ್ಲಿ ಡಬ್ಬ ಬದಲಿಸಿ ನಿಮಗೆ ಕೊಟ್ಟರಂತೆ.”

ಹೋದ ಜೂನು ಇಂದುಶೇಖರರಿಗೆ ಚೆನ್ನಾಗಿ ನೆನಪಿತ್ತು. ರಿಂಗು ಮುಗಿದು ಕೆಲಸ ನಿಲ್ಲುವ ಹಾಗಾದಾಗ, ಪುಣೆಯಿಂದ ವಿಮಾನದಲ್ಲಿ ತರಿಸಿ ಕಾರ್ಖಾನೆ ಉಳಿಸಿದಿರಿ ಎಂದು ಸಬರವಾಲ್ ಎಲ್ಲರೆದುರು ಅವರ ಬೆನ್ನು ತಟ್ಟಿದ್ದರು. ಆ ವಿಮಾನದ ಬಾಡಿಗೆಗೆ ಸಹಿ ಹಾಕಿದ್ದು ಇದೇ ಕೈ. ವಿಮಾನವೇ ಹಾರಿರಲಿಲ್ಲ.

ಅಲ್ಲಿಂದಲೇ ಪುಣೆಗೆ ಫೋನು ಮಾಡಿದರು. ವ್ಯಾಪಾರಿ ಸಮಾಧಾನದಿಂದಲೇ ಹೇಳಿದ: “ಶೇಖರ್‌ಜಿ, ಮಾಲಿನಲ್ಲಿ ಯಾವತ್ತಾದರೂ ತಪ್ಪಿತ್ತಾ? ಎಲ್ಲಿಂದ ಬರುತ್ತೆ ಅಂತ ನೀವು ಯಾವತ್ತು ಕೇಳಿದ್ರಿ?” ವಿಮಾನದ ಬಾಡಿಗೆಯ ಮಾತು ತೆಗೆದ ಕೂಡಲೇ ಲೈನು ಕಟ್ಟಾಯಿತು.

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಪದ್ಮಾ ಮೊದಲು ನಕ್ಕೇಬಿಟ್ಟರು. “ಅರೆ, ಪಕ್ಕದ ಬೀದಿ ರಿಂಗು ಪುಣೆ ಯಾತ್ರೆ ಮಾಡ್ಕೊಂಡು ಬರ್ತಿತ್ತಾ!” ಸ್ಟೀಲ್ ಡಬ್ಬದ ಮಾತು ಬಂದಾಗ ಅವರ ನಗು ನಿಂತಿತು. ದೆಹಲಿಯಲ್ಲೇ ಹುಟ್ಟಿ ಬೆಳೆದು, ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಗಂಡಸರ ಮಧ್ಯೆ ಕೂತು ಕೆಲಸ ಮಾಡಿದವರು ಅವರು.

“ನಿಮಗೆ ನೆನಪಿಲ್ಲ ಅನ್ನೋದನ್ನ ನಾನು ನಂಬ್ತೀನಿ ರೀ” ಎಂದರು. “ನಮಗೂ ಹಾಗೆ ಅಂದವರಿಗೆ ಯಾರಿಗೂ ನೆನಪಿಲ್ಲ. ನಮಗೆ ಮಾತ್ರ ಇದೆ.”

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇದನ್ನು ಪದ್ಮಾ ಇಲ್ಲಿಯವರೆಗೆ ಹೇಳಿರಲಿಲ್ಲ.

ಮರುದಿನ ಇಂದುಶೇಖರ ಗಾನವಿಯನ್ನು ಕರೆದುಕೊಂಡು ಸಬರವಾಲ್ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಹೊಸ ಶೆಡ್ಡು ಕಂಡುಹಿಡಿದೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ತಾವು ಆಕೆಯನ್ನು ವಾಪಸ್ ಕಳಿಸಿದ್ದನ್ನೂ ವಿಮಾನದ ಕಥೆಯನ್ನೂ ಬಿಡಲಿಲ್ಲ. ಸಬರವಾಲ್ ಕಣ್ಣರಳಿಸಿ ಕೇಳಿದರು. ಕೋಪ ಬರಲಿಲ್ಲ. ಲೆಕ್ಕ ಬಂತು.

“ಪುಣೆಯವನು ಆಕೆಗೆ ರಿಂಗಿಗೆ ನಾಲ್ಕು ರೂಪಾಯಿ ಕೊಟ್ಟು ನಮಗೆ ಹನ್ನೊಂದಕ್ಕೆ ಮಾರ್ತಿದ್ದ ಅಲ್ವಾ? ನಾವು ನಾಲ್ಕೂವರೆ ಕೊಡೋಣ. ಕುಣೀತಾಳೆ.”

ಇಂದುಶೇಖರ ಬೆಚ್ಚಿದರು. ಮಾತು ಸಬರವಾಲ್ ಅವರದು, ಆದರೆ ಹೋದ ವಾರವಾಗಿದ್ದರೆ ಅದನ್ನು ತಾವೇ ಆಡುತ್ತಿದ್ದರು, ಅದೇ ಧಾಟಿಯಲ್ಲಿ.

“ಏಳು ಕೊಡೋಣ ಸಾಬ್” ಎಂದರು. ಇಷ್ಟು ವರ್ಷದಲ್ಲಿ ಅವರು ದರ ಏರಿಸಲು ಕೇಳಿದ್ದು ಇದೇ ಮೊದಲು. ಸಬರವಾಲ್ ಇಂದುಶೇಖರರನ್ನೇ ನೋಡಿದರು.

ಗಾನವಿ ಮುಂದೆ ಬಂದಳು. “ದರಕ್ಕಿಂತ ದೂರ ನಮಗೆ ದುಬಾರಿ ಆಗಿತ್ತು ಸರ್. ಲಾರಿ ತಡವಾದರೆ ಅಂತ ಎರಡು ತಿಂಗಳ ರಿಂಗು ಬಾಡಿಗೆ ಗೋಡೌನಿನಲ್ಲಿ ತುಂಬಿ ಇಟ್ಟಿದ್ದೇವೆ. ಇನ್ನು ದಿನಾ ಬೆಳಿಗ್ಗೆ ಇ-ರಿಕ್ಷಾದಲ್ಲಿ ಅವತ್ತಿನದು ಬಂದರೆ ಸಾಕು. ಅರ್ಧ ಗೋಡೌನು ಬಿಟ್ಟುಕೊಡಬಹುದು. ಆದರೆ ಆ ಶೆಡ್ಡು ಉಳೀಬೇಕಲ್ಲ? ನಾಲ್ಕೂವರೆಗೆ ಆಕೆ ಎರಡನೇ ಪ್ರೆಸ್ಸು ಕೊಳ್ಳೋಕಾಗಲ್ಲ. ಇರೋ ಒಂದು ಪ್ರೆಸ್ಸು ಕೆಟ್ಟರೆ ನಾವೂ ನಿಲ್ತೇವೆ.”

ಸಬರವಾಲ್ ಕಾಗದದ ಮೇಲೆ ಲೆಕ್ಕ ಗೀಚಿ ನೋಡಿ, “ಅಚ್ಛಾ, ಏಳು” ಅಂದರು.

ಬಿಮಲೇಶ್ ಮಾತ್ರ ಕುಣಿಯಲಿಲ್ಲ. ದರವನ್ನು ಕಾಗದದ ಮೇಲೆ ಬರೆಸಿಕೊಂಡಳು. ಪುಣೆಯವರಿಗೆ ಒಪ್ಪಿಕೊಂಡಿದ್ದ ಮಾಲು ಮುಗಿಸಿಕೊಟ್ಟ ಮೇಲೆಯೇ ಶುರುಮಾಡುತ್ತೇನೆ ಎಂದಳು. ಇಂದುಶೇಖರ ಕೈಮುಗಿದು ಕ್ಷಮೆ ಕೇಳಿದಾಗ, “ಅದಿರಲಿ ಸಾಬ್. ನಿಮ್ಮ ಗೇಟಿನ ಗಾರ್ಡಿಗೆ ಹೇಳಿಡಿ, ನಮ್ಮ ಹೆಂಗಸರು ಮಾಲು ತಂದಾಗ ಬಿಸಿಲಲ್ಲಿ ನಿಲ್ಲಿಸೋದು ಬೇಡ” ಎಂದಷ್ಟೇ ಹೇಳಿ ಪ್ರೆಸ್ಸಿನ ಕಡೆ ಹೋದಳು.

ಜುಲೈಯಿಂದ ರಿಂಗು ಬೆಳಿಗ್ಗೆ ಹತ್ತಕ್ಕೆ ಬರತೊಡಗಿತು. ವಿಮಾನದ ಬಾಡಿಗೆಯನ್ನು ವಕೀಲರ ನೋಟೀಸು ಹೋದ ಮೇಲೆ ಪುಣೆಯವನು ಹಿಂತಿರುಗಿಸಿದ. ಇಂದುಶೇಖರ ವಾರಕ್ಕೊಂದು ದಿನ ಗಾನವಿಯ ಜೊತೆ ಸುತ್ತಲಿನ ಗಲ್ಲಿಗಳಲ್ಲಿ ನಡೆದರು. ಚೆನ್ನೈಯಿಂದ ತರಿಸುತ್ತಿದ್ದ ಸ್ವಿಚ್ಚಿನ ಮುಚ್ಚಳ, ರಾಜಕೋಟಿನ ಸ್ಪ್ರಿಂಗು, ಎರಡೂ ಓಖ್ಲಾದಿಂದ ಈಚೆಗೇ ಸಿಕ್ಕವು. ವರ್ಷದ ಕೊನೆಗೆ ಖರ್ಚು ನೂರಕ್ಕೆ ಎಂಟಲ್ಲ, ಹನ್ನೊಂದು ಇಳಿದಿತ್ತು. ಸಭೆಯಲ್ಲಿ ಸಬರವಾಲ್ ಹೊಗಳಲು ಎದ್ದಾಗ ಇಂದುಶೇಖರ ನಡುವೆಯೇ ಬಾಯಿ ಹಾಕಿ, ಪೇಪರು ಓದಿದ್ದು ಈ ಹುಡುಗಿ ಎಂದರು. ಚಪ್ಪಾಳೆ ಗಾನವಿಗೆ ಹೋಯಿತು.

ಬಿಮಲೇಶ್ ಮಾಲು ಕಳಿಸುತ್ತಿದ್ದಳು, ರಸೀದಿ ಪಡೆಯುತ್ತಿದ್ದಳು. ಎದುರಾದರೆ ನಮಸ್ತೆ, ಅಷ್ಟೇ. ಇಂದುಶೇಖರರ ಕೋಣೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಮರುವರ್ಷದ ಫೆಬ್ರವರಿಯಲ್ಲಿ ರಬ್ಬರಿನ ಬೆಲೆ ಏರಿತು. ಒಂದು ಬೆಳಿಗ್ಗೆ ಆಕೆ ನೇರವಾಗಿ ಒಳಬಂದು ಅವರೆದುರಿನ ಕುರ್ಚಿ ಎಳೆದುಕೊಂಡು ಕೂತಳು. ಇನ್ನು ರಿಂಗಿಗೆ ಎಂಟೂವರೆ ಬೇಕು ಎಂದಳು. ಆಗದು ಎಂದರು ಇಂದುಶೇಖರ. ನಿಮ್ಮ ಪಂಪಿನ ಬೆಲೆ ಮಾತ್ರ ಏರಿಸಿದಿರಲ್ಲ ಎಂದು ಆಕೆ ಮೇಜು ಕುಟ್ಟಿದಳು. ಏಳೂ ಮುಕ್ಕಾಲಿಗಿಂತ ಒಂದು ಪೈಸೆ ಮೇಲೆ ಹೋಗೋಕಾಗಲ್ಲ ಎಂದು ಅವರೂ ದನಿಯೇರಿಸಿದರು. ಸ್ಟೋರಿನವರು ಬಾಗಿಲಲ್ಲಿ ಇಣುಕಿದರು. ಮುಕ್ಕಾಲು ಗಂಟೆಯ ಮೇಲೆ ಎಂಟೂ ಕಾಲಿಗೆ ಇಬ್ಬರೂ ಒಪ್ಪಿದರು. ಆಕೆ ಚಹಾ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದು ಗೊಣಗುತ್ತ ಎದ್ದು ಹೋದಳು.

ಅವತ್ತು ಮೆಟ್ರೋದಿಂದ ಇಳಿದವರೇ ಇಂದುಶೇಖರ ಪದ್ಮಾಗೆ ಫೋನು ಮಾಡಿದರು.

“ಕೇಳಿದೆಯಾ, ಇವತ್ತು ಬಿಮಲೇಶ್ ತಾನಾಗಿಯೇ ನನ್ನ ಕೋಣೆಗೆ ಬಂದು, ಎದುರು ಕೂತು, ನನ್ನ ಜೊತೆ ಜಗಳ ಆಡಿದಳು” ಎಂದರು. ಅವರ ದನಿ ಕೇಳಿ ಪದ್ಮಾಗೆ, ಏನು ಲಾಟರಿ ಹೊಡೆಯಿತೋ ಅನ್ನಿಸಿತು.