ಲ್ಯಾಬಕ್ಕ ಪರೀಕ್ಷೆಗೆ ಕೂತದ್ದು

ಆ ಕಾಲೇಜಿನಲ್ಲಿ ಪ್ರಾಂಶುಪಾಲರ ಗುರುತು ಸಿಗದ ವಿದ್ಯಾರ್ಥಿಗಳಿದ್ದರು. ಲ್ಯಾಬಕ್ಕನನ್ನು ಅರಿಯದವರು ಇರಲಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಅಟೆಂಡರ್ ಆಗಿದ್ದವಳು. ಬೆಳಿಗ್ಗೆ ಎಂಟಕ್ಕೆ ಬಂದು ಕಿಟಕಿ ತೆರೆದು, ಬ್ಯೂರೆಟ್‌ಗಳನ್ನು ತೊಳೆದು, ಪ್ರತಿ ಮೇಜಿನ ಮೇಲೂ ಆ ದಿನದ ಪ್ರಯೋಗಕ್ಕೆ ಬೇಕಾದ ಬಾಟಲಿಗಳನ್ನು ಜೋಡಿಸಿಡುವಳು. ಚೀಟಿ ಕಿತ್ತುಹೋದ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, ಒಳಗಿರುವುದು ಏನೆಂದು ಹೇಳಿಬಿಡುವಳು. ಹೊಸದಾಗಿ ಸೇರಿದ ಅಧ್ಯಾಪಕರೂ ಒಮ್ಮೊಮ್ಮೆ ಅವಳ ಕಡೆಗೆ ನೋಡಿ, ಅವಳು ತಲೆಯಾಡಿಸಿದ ಮೇಲೆಯೇ ಮುಂದುವರಿಯುತ್ತಿದ್ದರು. ಅಷ್ಟು ಪಳಗಿದ ಕೈ.

ಆದರೆ ಲ್ಯಾಬಕ್ಕ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾದವಳು. ಹದಿನಾರಕ್ಕೆ ಪುಸ್ತಕ ಮುಚ್ಚಿದ್ದಳು, ಮತ್ತೆ ತೆರೆದಿರಲಿಲ್ಲ.

ಹೊಸ ವರ್ಷದ ತರಗತಿಗಳು ಶುರುವಾದ ವಾರ ಅವಳು ಎಂದಿನಂತೆ ಹುಡುಗಿಯರ ಗುಂಪೊಂದಕ್ಕೆ ಎಚ್ಚರಿಕೆ ಹೇಳುತ್ತಿದ್ದಳು. "ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ನೆನಪಿಟ್ಕೊಳ್ಳಿ."

"ಯಾಕಕ್ಕಾ?" ಎಂದಳು ಒಬ್ಬಳು. ಕೀಟಲೆಯಿಲ್ಲ, ನಿಜವಾದ ಕುತೂಹಲ.

ಲ್ಯಾಬಕ್ಕ ಬಾಯಿ ತೆರೆದಳು. ಸಾವಿರ ಸಲ ಹೇಳಿದ ಮಾತು, ಯಾಕೆಂದು ಒಂದು ಸಲವೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. "ಸಿಡಿಯುತ್ತೆ, ಅದಕ್ಕೆ" ಎಂದಳು.

"ಯಾಕೆ ಸಿಡಿಯುತ್ತೆ?"

ಪಕ್ಕದವಳು ಗೆಳತಿಯ ತೋಳು ಜಗ್ಗಿದಳು. "ಅವರನ್ನ ಯಾಕೆ ಕೇಳ್ತೀಯ? ಮೇಷ್ಟ್ರನ್ನ ಕೇಳೋಣ ಬಾ."

ಅವಮಾನ ಮಾಡಬೇಕೆಂದು ಆಡಿದ ಮಾತಲ್ಲ. ಅದಕ್ಕೇ ಹೆಚ್ಚು ನಾಟಿತು. ಅವತ್ತು ಮನೆಗೆ ಹೋದವಳೇ ಚಪ್ಪಲಿ ಬಿಡುತ್ತಾ ಗಂಡನಿಗೆ ಹೇಳಿದಳು, "ನಾನು ಓದ್ತೀನಿ."

ಗಂಡ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಹೆಚ್ಚು ಮಾತಿನವನಲ್ಲ. "ಓದು. ನನ್ನ ಹತ್ರ ಮಾತ್ರ ಏನೂ ಕೇಳ್ಬೇಡ. ನನಗೆ ಗೊತ್ತಿರೋ ಗಣಿತ ಸ್ಪ್ಯಾನರ್ ನಂಬರು ಅಷ್ಟೇ" ಎಂದು ಕೈಗಂಟಿದ ಗ್ರೀಸು ತೊಳೆಯಲು ಹೋದ.

ನಪಾಸಾದ ಗಣಿತವನ್ನು ಮೂರನೆಯ ಯತ್ನದಲ್ಲಿ ದಾಟಿದಳು. ಆಗ ಅವಳಿಗೆ ನಲವತ್ತೊಂದು. ಅದೇ ಕಾಲೇಜಿನಲ್ಲಿ, ಕೆಲಸಕ್ಕೆ ಹೋಗುವವರಿಗಾಗಿ ಸಂಜೆ ನಡೆಯುತ್ತಿದ್ದ ಎರಡು ವರ್ಷದ ವಿಜ್ಞಾನ ತರಗತಿಗೆ ಸೇರಿಕೊಂಡಳು. ಐದು ಗಂಟೆಯವರೆಗೆ ನೀಲಿ ಕೋಟು ತೊಟ್ಟು ಗಾಜು ತೊಳೆಯುವುದು, ಐದೂಕಾಲಿಗೆ ಕೋಟು ಕಳಚಿ ಬೆಂಚಿನಲ್ಲಿ ಕೂರುವುದು. ಮೊದಲ ದಿನ ಅವಳು ಬಾಗಿಲಲ್ಲಿ ಕಂಡದ್ದೇ ತಡ, ಕಾಲೇಜಿಗೆ ಹೊಸಬರೇ ತುಂಬಿದ್ದ ತರಗತಿ ಅಧ್ಯಾಪಕಿ ಬಂದರೆಂದು ಎದ್ದು ನಿಂತಿತು. ಲ್ಯಾಬಕ್ಕ ಹಿಂತಿರುಗಿ ನೋಡಿದಳು, ತನ್ನ ಹಿಂದೆ ಯಾರಾದರೂ ಇದ್ದಾರೋ ಎಂದು.

ಓದು ಸುಲಿದ ಬಾಳೆಹಣ್ಣಾಗಿರಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಐವತ್ತಕ್ಕೆ ಹನ್ನೊಂದು ಬಂತು. ಗಣಿತವಾದರೆ ಹೋಗಲಿ, ತನ್ನದೇ ಮನೆಯಂತಿದ್ದ ವಿಷಯದಲ್ಲಿ ಹನ್ನೊಂದು. ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿದ್ದನ್ನು ಆ ವಿಷಯದ ಅಧ್ಯಾಪಕಿ ನೋಡಿದರು. ವಯಸ್ಸಿನಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು.

"ಹೇಗೆ ಓದ್ತೀರಿ ನೀವು?" ಎಂದು ಕೇಳಿದರು.

"ಬಾಯಿಪಾಠ ಮಾಡ್ತೀನಿ ಮೇಡಂ. ಪುಟ ಪುಟ ಬರುತ್ತೆ."

"ಅದೇ ಆಗಿರೋದು. ಬಾಟಲಿ ಮೇಲಿನ ಚೀಟಿ ಓದಿದ ಹಾಗೆ ಪುಸ್ತಕ ಓದ್ತಿದೀರಿ. ಒಳಗೇನಿದೆ ಅಂತ ನೋಡ್ತಿಲ್ಲ. ಒಂದು ಕೆಲಸ ಮಾಡಿ. ಪುಸ್ತಕ ಮುಚ್ಚಿ, ಈ ವಿಷಯ ಏನೇನೂ ಗೊತ್ತಿಲ್ಲದವರಿಗೆ ನಿಮ್ಮ ಮಾತಲ್ಲೇ ಹೇಳಿ. ಅವರಿಗೆ ತಿಳಿದ್ರೆ ನಿಮಗೂ ತಿಳಿದಿದೆ ಅಂತ."

ಏನೇನೂ ಗೊತ್ತಿಲ್ಲದವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಮನೆಯಲ್ಲಿ ಅತ್ತೆ ಇದ್ದರು. ಎಪ್ಪತ್ತೆರಡು ವರ್ಷ, ಅಕ್ಷರ ಕಲಿತವರಲ್ಲ, ಆದರೆ ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಬೆಳಿಗ್ಗೆ ಆರಕ್ಕೆ ಅತ್ತೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುವಾಗ ಸೊಸೆ ಎದುರಿಗೆ ಕೂತು ಪಾಠ ಒಪ್ಪಿಸತೊಡಗಿದಳು. ಮೊದಲ ದಿನ ಪೂರ್ತಿ ಕೇಳಿದ ಅತ್ತೆ, ಕಟ್ಟು ಪಕ್ಕಕ್ಕಿಟ್ಟು ಹೇಳಿದರು: "ನಡುವೆ ಎಲ್ಲೋ ನಿನ್ನ ದನಿ ಎಡವಿತು ನೋಡು."

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಗೊತ್ತಿರೋದನ್ನ ನಿಧಾನಕ್ಕೆ ಹೇಳ್ತೀಯ. ಗೊತ್ತಿಲ್ಲದಿರೋದು ಬಂದ ಕೂಡ್ಲೇ ಓಡೋಕೆ ಶುರು ಮಾಡ್ತೀಯ. ನಿನ್ನ ಗಂಡ ಚಿಕ್ಕವನಿದ್ದಾಗ ಸುಳ್ಳು ಹೇಳುವಾಗಲೂ ಹೀಗೇ ಓಡ್ತಿದ್ದ."

ಸ್ನಾನಕ್ಕೆ ಹೊರಟಿದ್ದ ಗಂಡ ಕೇಳಿಸದವನಂತೆ ದಾಟಿಹೋದ.

ಸೊಸೆ ಪುಸ್ತಕ ತೆರೆದು ನೋಡಿದರೆ, ಅತ್ತೆ ಬೆರಳಿಟ್ಟ ಜಾಗವೇ ಅವಳಿಗೆ ತಿಳಿಯದ ಜಾಗ. ಅಂದಿನಿಂದ ಅದೇ ಪದ್ಧತಿಯಾಯಿತು. ದನಿ ಓಡಿದಲ್ಲಿ ಅತ್ತೆ ಕೈ ಎತ್ತುವರು. ಅವಳು ನಿಂತು, ತಿರುಗಿ ಓದಿ, ತನ್ನ ಮಾತಿನಲ್ಲಿ ಬಿಡಿಸಿ ಹೇಳುವಳು. ಅತ್ತೆಯ ಪ್ರಶ್ನೆಗಳು ಯಾವ ಪರೀಕ್ಷಕರಿಗೂ ಕಡಿಮೆಯಿರಲಿಲ್ಲ. ಒಂದು ಪರಮಾಣು ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ ಎಂದು ವಿವರಿಸಿದಾಗ, "ಕೊಡೋನಿಗೆ ಏನು ಭಾಗ್ಯ ಬಂತು?" ಎಂದು ಕೇಳಿದರು. ಅದಕ್ಕೆ ಉತ್ತರ ಹುಡುಕಲು ಅವಳಿಗೆ ಎರಡು ದಿನ ಹಿಡಿಯಿತು, ಆ ಎರಡು ದಿನದಲ್ಲಿ ಒಂದು ಇಡೀ ಅಧ್ಯಾಯ ಅಂಗೈ ನೆಲ್ಲಿಯಾಯಿತು. ಮುಂದಿನ ಕಿರುಪರೀಕ್ಷೆಯಲ್ಲಿ ಮೂವತ್ತೆರಡು ಬಂತು. ಅದರ ಮುಂದಿನದರಲ್ಲಿ ನಲವತ್ತು.

ಎರಡನೆಯ ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಅವಳೇ ವಿದ್ಯಾರ್ಥಿಯಾದ್ದರಿಂದ ಅವತ್ತಿನ ಸಿದ್ಧತೆಗೆ ಅವಳು ಕೈ ಹಾಕುವಂತಿರಲಿಲ್ಲ. ಗ್ರಂಥಾಲಯದ ಅಟೆಂಡರನ್ನು ಆ ಕೆಲಸಕ್ಕೆ ಹಾಕಿದ್ದರು. ಪಾಪ, ಅವನಿಗೆ ಪುಸ್ತಕದ ಕಪಾಟು ಗೊತ್ತು, ಆಸಿಡ್ ಗೊತ್ತಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನೀಳ ದೇಹದ, ನಗು ಮರೆತಂತಿದ್ದ ಮನುಷ್ಯ. "ಅಕ್ಕಪಕ್ಕ ನೋಡಬಾರದು. ಮಾತಾಡಿದವರನ್ನ ಹೊರಗೆ ಕಳಿಸ್ತೀನಿ" ಎಂದು ಶುರುವಿನಲ್ಲೇ ಹೇಳಿದ್ದರು.

ಪ್ರಯೋಗ ಸರಳ. ಬ್ಯೂರೆಟ್‌ನಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟ್; ಕೆಳಗಿನ ಫ್ಲಾಸ್ಕಿನಲ್ಲಿ ಕಬ್ಬಿಣದ ಲವಣದ ದ್ರಾವಣ, ಅದಕ್ಕೆ ಒಂದಿಷ್ಟು ತೆಳು ಸಲ್ಫ್ಯೂರಿಕ್ ಆಸಿಡ್. ಮೇಲಿನಿಂದ ಹನಿ ಹನಿ ಬಿಡುತ್ತಾ ಹೋಗಬೇಕು. ಬಿದ್ದ ಹನಿಯ ಬಣ್ಣ ಮಾಯವಾಗುತ್ತಾ ಹೋಗಿ, ಕೊನೆಗೊಂದು ಹನಿಗೆ ತಿಳಿಗುಲಾಬಿ ಉಳಿಯಬೇಕು. ಆದರೆ ಲ್ಯಾಬಕ್ಕನ ಫ್ಲಾಸ್ಕಿನಲ್ಲಿ ಬಣ್ಣ ಮಾಯವಾಗಲಿಲ್ಲ. ಕೆಸರು ಕದಡಿದಂತೆ ಕಂದು ತಿರುಗಿತು. ತಲೆಯೆತ್ತಿದರೆ ಸುತ್ತಲೂ ಅದೇ. ಎದುರು ಮೇಜಿನ ಯುವತಿ ಮೂರನೆಯ ಸಲ ಫ್ಲಾಸ್ಕ್ ತೊಳೆಯುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಂತು ದುಡಿದು ಓದುತ್ತಿದ್ದವಳು. ಇಪ್ಪತ್ತು ಜನರಲ್ಲಿ ಇಪ್ಪತ್ತೂ ಮಂದಿ ತಪ್ಪು ತಮ್ಮದೇ ಎಂದುಕೊಂಡಿದ್ದರು.

ಲ್ಯಾಬಕ್ಕ ಆಸಿಡ್ ಬಾಟಲಿಯನ್ನು ಎತ್ತಿ ಅಲ್ಲಾಡಿಸಿದಳು. ನೀರಿನಷ್ಟೇ ಹಗುರವಾಗಿ ಕುಲುಕಿತು. ಬೆರೆಸಿದವನು ನೀರು ಹೆಚ್ಚು ಹಾಕಿದ್ದಾನೆಂದು ಅವಳಿಗೆ ಗೊತ್ತಾಗಿಹೋಯಿತು. ತನ್ನ ಮೇಜಿನ ಕೆಳಗಿನ ಕಪಾಟಿನಲ್ಲಿ, ಎಡಮೂಲೆಯಲ್ಲಿ, ತಾನೇ ಹೋದ ವಾರ ಮಾಡಿಟ್ಟ ಸರಿಯಾದ ಆಸಿಡ್ ಇತ್ತು. ಬಗ್ಗಿ ಅದನ್ನು ಒಂದು ಪಿಪೆಟ್‌ನಷ್ಟು ತೆಗೆದುಕೊಂಡರೆ ತನ್ನ ಪ್ರಯೋಗ ಸರಿಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ಬಿಟ್ಟರೆ ಎರಡು ವರ್ಷದ ಓದು ಬಾಗಿಲಾಚೆ ಹೋಗಲೂಬಹುದು. ಔಷಧಿ ಅಂಗಡಿಯ ಯುವತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಲ್ಯಾಬಕ್ಕ ಕೈ ಎತ್ತಿದಳು.

"ಏನು?" ಎಂದರು ಪರೀಕ್ಷಕರು.

"ಸಾರ್, ಆಸಿಡ್‌ನಲ್ಲಿ ಕಸುವಿಲ್ಲ. ಎಲ್ಲರ ಬಾಟಲಿಯೂ ಹಾಗೇ ಇರಬೇಕು."

"ನೀವು ಇಲ್ಲಿ ಅಟೆಂಡರ್ ಅಂತೆ. ಇವತ್ತು ಯಾವ ಲೆಕ್ಕದಲ್ಲಿ ಹೇಳ್ತಿದೀರಿ?"

"ವಿದ್ಯಾರ್ಥಿಯಾಗೇ ಹೇಳ್ತಿದೀನಿ ಸಾರ್."

"ಸರಿ. ವಿದ್ಯಾರ್ಥಿಯಾದ್ರೆ ಯಾಕೆ ಅಂತ ಹೇಳಿ."

ಇಡೀ ಪ್ರಯೋಗಾಲಯದ ಕಿವಿ ನೆಟ್ಟಗಾಯಿತು. ಲ್ಯಾಬಕ್ಕ ಒಂದು ಉಸಿರು ಎಳೆದುಕೊಂಡು, ಸೊಪ್ಪು ಬಿಡಿಸುವವರ ಎದುರು ಹೇಳುವಷ್ಟು ನಿಧಾನವಾಗಿ ಹೇಳಿದಳು. "ಪರ್ಮಾಂಗನೇಟ್‌ನಲ್ಲಿರೋ ಮ್ಯಾಂಗನೀಸ್ ಐದು ಎಲೆಕ್ಟ್ರಾನ್ ತಗೊಂಡ್ರೆ ಬಣ್ಣ ಹೋಗುತ್ತೆ ಸಾರ್. ಐದೂ ತಗೋಬೇಕು ಅಂದ್ರೆ ಆಸಿಡ್ ಸಾಕಷ್ಟಿರಬೇಕು. ಇಲ್ಲಾಂದ್ರೆ ಮೂರಕ್ಕೇ ನಿಂತುಬಿಡುತ್ತೆ. ಆಗ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಹೀಗೆ ಕಂದು ಬಣ್ಣ ಬರುತ್ತೆ. ಸರಿಯಾದ ಆಸಿಡ್ ಇದೇ ಫ್ಲಾಸ್ಕಿಗೆ ಹಾಕಿ ನೋಡಿ. ಕಬ್ಬಿಣ ಇನ್ನೂ ಉಳಿದಿದೆ. ಕಂದು ಕರಗಿ ತಿಳಿಯಾಗಬೇಕು."

ಪರೀಕ್ಷಕರು ಉಗ್ರಾಣದಿಂದ ಬೇರೆ ಆಸಿಡ್ ತರಿಸಿದರು. ತಾವೇ ಅಳೆದು ಅವಳ ಫ್ಲಾಸ್ಕಿಗೆ ಹಾಕಿ ತಿರುಗಿಸಿದರು. ಕೆಸರು ಬಣ್ಣ ಅಂಚಿನಿಂದ ತೆಳುವಾಗುತ್ತಾ ಬಂದು, ನೋಡುನೋಡುತ್ತಿದ್ದಂತೆ ಫ್ಲಾಸ್ಕು ಕುಡಿಯುವ ನೀರಿನಂತೆ ತಿಳಿಯಾಯಿತು. ಯಾರೋ ಹಿಂದಿನ ಮೇಜಿನಲ್ಲಿ "ಅಬ್ಬಾ" ಎಂದರು. ಪರೀಕ್ಷಕರು ಅವರನ್ನು ಹೊರಗೆ ಕಳಿಸಲಿಲ್ಲ.

"ಎಲ್ಲರೂ ಮೊದಲಿಂದ ಶುರು ಮಾಡಿ. ಒಂದು ಗಂಟೆ ಹೆಚ್ಚು ಕೊಡ್ತೀನಿ" ಎಂದರು.

ಲ್ಯಾಬಕ್ಕನ ಮೂರು ಅಳತೆಗಳೂ ಒಂದಕ್ಕೊಂದು ಕೂದಲೆಳೆ ಸರಿಯದೆ ಕೂತವು. ಮೌಖಿಕ ಪರೀಕ್ಷೆಗೆ ಕರೆದಾಗ ಪರೀಕ್ಷಕರು, "ಅರ್ಧ ವೈವಾ ಅಲ್ಲೇ ಆಗೋಯ್ತಲ್ಲ" ಎಂದು ಮೂರೇ ಪ್ರಶ್ನೆ ಕೇಳಿದರು. ಎರಡಕ್ಕೆ ಉತ್ತರಿಸಿದಳು. ಮೂರನೆಯದಕ್ಕೆ, "ಗೊತ್ತಿಲ್ಲ ಸಾರ್, ತಿಳ್ಕೋತೀನಿ" ಎಂದಳು. ಅವರು ಮೊದಲ ಬಾರಿಗೆ ನಕ್ಕರು.

ಫಲಿತಾಂಶದ ಪಟ್ಟಿಯನ್ನು ಕಾಲೇಜಿನ ಮುಂಬಾಗಿಲಿಗೆ ಅಂಟಿಸುವ ಕೆಲಸ ಎಂದಿನಂತೆ ಲ್ಯಾಬಕ್ಕನ ಕೈಗೇ ಬಂತು. ಗೋಂದು ಹಚ್ಚಿ, ಕಾಗದ ನೇರವಾಗಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮೊದಲ ಸಾಲಿನಲ್ಲೇ ತನ್ನ ಸಂಖ್ಯೆ. ರಸಾಯನಶಾಸ್ತ್ರದಲ್ಲಿ ಸಂಜೆ ತರಗತಿಗೇ ಮೊದಲಿಗಳು. ಗಣಿತದಲ್ಲಿ ಕೂಡ ನೂರಕ್ಕೆ ಅರುವತ್ತೆಂಟು. ಔಷಧಿ ಅಂಗಡಿಯ ಯುವತಿ ಓಡಿಬಂದು ಅವಳನ್ನು ಅಪ್ಪಿಕೊಂಡಳು. ಇಬ್ಬರ ಮೈಗೂ ಗೋಂದು ಹತ್ತಿತು. ಮನೆಯಲ್ಲಿ ಸುದ್ದಿ ಕೇಳಿದ ಅತ್ತೆ ಕೋಲು ಹಿಡಿದು ಬೀದಿಯ ಮನೆಮನೆಗೂ ಹೋಗಿ, "ನಾವು ಪಾಸಾದ್ವಿ" ಎಂದು ಹೇಳಿಬಂದರು. ಗಂಡ ಡಿಪೊದಿಂದ ಬಂದವನು ಅಂಕಪಟ್ಟಿಯನ್ನು ಮೂರು ಸಲ ಓದಿ, "ಕೈ ತೊಳ್ಕೊಂಡು ಮುಟ್ಟಬೇಕಿತ್ತು" ಎಂದು ಅಂಚಿನ ಗ್ರೀಸು ಒರೆಸಿದ.

ಆರು ತಿಂಗಳಿಗೆ ಪ್ರಯೋಗಾಲಯದಲ್ಲಿ ಬೋಧಕ ಸಹಾಯಕರ ಜಾಗ ಖಾಲಿಯಾಯಿತು. ಅರ್ಜಿ ಹಾಕಿದಳು, ಸಿಕ್ಕಿತು. ಸಂಜೆ ತರಗತಿಯ ಹೊಸಬರಿಗೆ ನಾಲ್ಕು ಮಾತು ಹೇಳಿ ಎಂದು ಪ್ರಾಂಶುಪಾಲರು ಅವಳನ್ನೇ ನಿಲ್ಲಿಸಿದರು. ಭಾಷಣ ಬರೆದುಕೊಂಡಿರಲಿಲ್ಲ.

"ನನಗೆ ಮೊದಲ ಪರೀಕ್ಷೇಲಿ ಹನ್ನೊಂದು ಬಂದಿತ್ತು" ಎಂದಳು. ಹಿಂದಿನ ಬೆಂಚಿನವರು ಮುಂದೆ ಬಾಗಿದರು. "ಕಡಿಮೆ ಅಂಕ ಬಂದ ಪತ್ರಿಕೇನ ಮಡಿಚಿ ಬಚ್ಚಿಡಬೇಡಿ. ಎಲ್ಲಿ ತಪ್ಪಿದೀರಿ ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲ್ಲ. ಓದಿದ್ದನ್ನ ಮನೇಲಿ ಒಬ್ಬರಿಗಾದ್ರೂ ಹೇಳಿ. ಅವರು ಆಕಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಇನ್ನೊಂದು ಥರ ಹೇಳಿ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಬೇಡ. ಕೇಳೋಕಂತೂ ಬೇಡವೇ ಬೇಡ. ನಾನು ಇಪ್ಪತ್ತೈದು ವರ್ಷ ನಾಚಿಕೊಂಡು ಕೂತೆ, ನೀವು ಅಷ್ಟು ಹೊತ್ತು ಕಾಯಬೇಡಿ."

ಚಪ್ಪಾಳೆ ಬಿತ್ತು. ಅವಳು ಅದು ನಿಲ್ಲುವವರೆಗೂ ಕಾದಳು. ಆಮೇಲೆ ಕಪ್ಪುಹಲಗೆಯ ಹತ್ತಿರ ಹೋಗಿ, ಸೀಮೆಸುಣ್ಣ ಎತ್ತಿಕೊಂಡು, ಅವತ್ತಿನ ಪ್ರಯೋಗದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು.