ಹಪ್ಪಳದ ಹಂಗಾಮಿನಲ್ಲಿ ನಿಲ್ಲಿಸಿದ ಮಾತ್ರೆ

ಸಿದ್ದಾಪುರದ ರಾಜೀವಿ ಹೆಗಡೆಯವರ ಹಲಸಿನ ಹಪ್ಪಳವನ್ನು ಶಿರಸಿಯ ಅಂಗಡಿಗಳಲ್ಲಿಯೂ ಹೆಸರು ಹಿಡಿದು ಕೇಳುವವರಿದ್ದಾರೆ. ಬೇಯಿಸಿದ ಸೊಳೆಯನ್ನು, ಎಂದರೆ ಹಲಸಿನ ತೊಳೆಯನ್ನು, ಯಾರಾದರೂ ಕುಟ್ಟಬಹುದು, ಉಂಡೆಯನ್ನು ಯಾರಾದರೂ ಒತ್ತಬಹುದು. ಆದರೆ ತಾರಸಿಯ ಚಾಪೆಯ ಮೇಲೆ ಹರಡುವುದು, ಅಂಚು ಎದ್ದೊಡನೆ ಮಗುಚುವುದು ಆ ಮನೆಯಲ್ಲಿ ಹಿರಿಯಳ ಕೈಗೇ ಮೀಸಲು. ಅತ್ತೆಯಿಂದ ಆ ಅಧಿಕಾರ ಅವರಿಗೆ ಬಂದದ್ದು 1989ರ ಏಪ್ರಿಲ್‌ನಲ್ಲಿ.

2023ರ ಜನವರಿ 9, ಸೋಮವಾರ, ಹುಬ್ಬಳ್ಳಿಯ ವೈದ್ಯರು ಅವರ ಒಣಕೆಮ್ಮಿನ ಕಾರಣವನ್ನು ತಿಳಿಸಿದರು: ಶ್ವಾಸಕೋಶದೊಳಗೆ ಗಾಯದ ಕಲೆಯಂತಹ ಗಟ್ಟಿತನ ಬೆಳೆದು, ಉಸಿರಿನ ಜಾಗ ಕಿರಿದಾಗುತ್ತ ಹೋಗುವ ರೋಗ. ಪಿರ್ಫೆನಿಡೋನ್ ಎಂಬ ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು, ಊಟದೊಂದಿಗೆ, ವರ್ಷಗಟ್ಟಲೆ ನುಂಗಬೇಕು. ಅದು ರೋಗವನ್ನು ಗುಣಪಡಿಸದು, ನಿಧಾನಗೊಳಿಸುತ್ತದೆ. ಆದರೆ ಅದನ್ನು ಸೇವಿಸುವವರ ಚರ್ಮ ಬಿಸಿಲನ್ನು ತಾಳದು. ಆದ್ದರಿಂದ ಬಿಸಿಲಿಗೆ ಹೋಗಕೂಡದು.

ಏಪ್ರಿಲ್ 17ರಂದು ಮೊದಲ ಹಪ್ಪಳ ಒತ್ತಿದರು. ಅಂದೇ ರಾಜೀವಿಯವರು, ಮನೆಯವರಿಗೆ ಹೇಳದೆ, ಮಾತ್ರೆ ನಿಲ್ಲಿಸಿ ತಾರಸಿ ಹತ್ತಿದರು.

ಹಪ್ಪಳ ಒತ್ತಲು ಬರುತ್ತಿದ್ದ ನೆರೆಮನೆಯ ದುರ್ಗಮ್ಮ ಕೆಳಗಿನಿಂದ ಕೂಗಿದರು: "ರಾಜೀವಮ್ಮ, ಹಪ್ಪಳಕ್ಕಿಂತ ಮೊದ್ಲು ನೀವೇ ಒಣಗ್ತೀರಿ, ಇಳೀರಿ!"

ರಾಜೀವಿಯವರು ಮೇಲಿನಿಂದ ಬಗ್ಗಿ, ದನಿ ತಗ್ಗಿಸಿ ಅಂದರು: "ಮಾತ್ರೆ ತಗಂಡ್ರೆ ಅಲ್ದನೇ ಬಿಸಿಲು ಆಗ್ತಿಲ್ಲೆ? ಆನು ಈಗ ತಗಳ್ತಿಲ್ಲೆ. ಮಳೆ ಬಿದ್ದಮೇಲೆ ಮತ್ತೆ ಶುರು ಮಾಡ್ತೆ."

ಈ ತರ್ಕ ದುರ್ಗಮ್ಮನಿಗೂ ಸರಿಯೆಂದೇ ತೋರಿತು. ರಾಜೀವಿಯವರ ಮೈ ಸುಡಲಿಲ್ಲ, ಮಾತ್ರೆಯಿಂದ ಕೆಟ್ಟಿದ್ದ ಬಾಯಿರುಚಿಯೂ ಮರಳಿತು. ಮೇ ಕೊನೆಯ ಹೊತ್ತಿಗೆ ಮಾತ್ರ ಅವರು ತಾರಸಿಯ ಮೆಟ್ಟಿಲಿನ ನಡುವೆ ಕುಳಿತು ಸುಧಾರಿಸಿಕೊಳ್ಳತೊಡಗಿದರು.

ಜೂನ್ 12ರಂದು ಸೊಸೆ ಪ್ರತಿಭಾ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಉಸಿರು ಊದುವ ಪರೀಕ್ಷೆಯಲ್ಲಿ ಇಳಿಕೆ ಸ್ಪಷ್ಟವಾಗಿತ್ತು. ವೈದ್ಯರು ಕೇಳಿದಾಗ ರಾಜೀವಿಯವರು ಮಾತ್ರೆ ನಿಲ್ಲಿಸಿದ್ದನ್ನು ಹೇಳಿದರು. ಇಳಿಕೆಯಲ್ಲಿ ರೋಗದ ಪಾಲೆಷ್ಟು, ಮಾತ್ರೆ ಬಿಟ್ಟದ್ದರ ಪಾಲೆಷ್ಟು ಎಂದು ಹೇಳಲಾಗದೆಂದು ವೈದ್ಯರು ಒಪ್ಪಿಕೊಂಡರು.

"ಬಿಸಿಲು ಬ್ಯಾಡ ಅಂದಿದ್ದೆ ನಾ, ಗುಳಿಗಿ ಬ್ಯಾಡ ಅಂದಿರಲಿಲ್ಲಲ್ರಿ ಅಮ್ಮಾ. ಹೋದ ಉಸಿರು ತಿರುಗಿ ಬರಂಗಿಲ್ಲ. ಉಳಿದದ್ದನ್ನ ಹಿಡಕೊಳ್ಳಾಕ ಈ ಗುಳಿಗಿ."

"ಹಂಗಾರೆ ಹಪ್ಪಳ ಬಿಡಕಾ?"

"ಹಪ್ಪಳ ಯಾಕ ಬಿಡ್ತೀರಿ? ಬಿಸಿಲು ಬಿಡ್ರಿ."

ಮರಳುವ ಬಸ್ಸು ಮುಂಡಗೋಡ ದಾಟಿತ್ತು. ರಾಜೀವಿಯವರು ಸೊಸೆಯ ಮುಖ ನೋಡದೆಯೇ ಅಂದರು: "ಬಪ್ಪ ವರ್ಷ ನೀನೇ ಹರಡು."

ಮೂವತ್ನಾಲ್ಕು ವರ್ಷ ಬಿಟ್ಟುಕೊಡದ ಚಾಪೆಯನ್ನು ಬಿಟ್ಟುಕೊಡಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಪ್ರತಿಭಾಳಿಗೆ ಗೊತ್ತಿತ್ತು. ಮಾತ್ರೆ ಅಂದೇ ಮತ್ತೆ ಆರಂಭವಾಯಿತು. ಅದರೊಂದಿಗೆ ಬಾಯಿ ಸಪ್ಪೆಯಾಗುವುದೂ.

2024ರ ಏಪ್ರಿಲ್ 28, ಭಾನುವಾರ. ರಾಜೀವಿಯವರು ನಡುಮನೆಯ ನೆರಳಿನಲ್ಲಿ ಕುಳಿತಿದ್ದರು. ಸೊಳೆ ಕುಟ್ಟಲು ಈಗ ಅವರಿಗೆ ಉಸಿರು ಸಾಲದು. ಪ್ರತಿಭಾ ತಾರಸಿಯಿಂದ ಒಂದು ಹಪ್ಪಳ ತಂದು ಅವರ ಕೈಗಿಟ್ಟಳು. ಅವರು ಅಂಚನ್ನು ಬಗ್ಗಿಸಿ ನೋಡಿದರು.

"ಇನ್ನೂ ಒಂದು ಬಿಸಿಲು ಬೇಕು. ನಡುವೆ ದಪ್ಪ ಬಿಟ್ಟಿದ್ದೆ ನೀನು."

"ಆತು ಅತ್ತೇ. ಮಾತ್ರೆ ತಗಂಡ್ಯಾ?"

"ನುಂಗಿದ್ದೆ ಮಾರಾಯ್ತಿ! ನೀ ಮೊದ್ಲು ಹೋಗಿ ಹಪ್ಪಳ ಮಗುಚು."